ಸಕುರಾ ಹಿಂದೆ ಓಡುವ ಮುಂಚೆ ಅಮ್ಮನ ಮಂಡಿ ವಿಚಾರಿಸಿ

ಪ್ರಶ್ನೆ: ನಾವು ದಾವಣಗೆರೆಯವರು. ಏಪ್ರಿಲ್ ಮೊದಲ ವಾರದಲ್ಲಿ ಹತ್ತು ದಿನಕ್ಕೆ ಜಪಾನ್‌ಗೆ ಹೋಗಬೇಕೆಂದಿದ್ದೇವೆ. ನಾನು, ಹೆಂಡತಿ, 11 ವರ್ಷದ ಮಗಳು, ಅಪ್ಪ (71 ವರ್ಷ, ಬಿಪಿ, ಶುಗರ್), ಅಮ್ಮ (66 ವರ್ಷ, ಎರಡೂ ಮಂಡಿ ನೋವು). ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಮ್ಮ ಹೊರಗೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟುವುದಿಲ್ಲ. ಹೋಗಿಬಂದ ಸ್ನೇಹಿತರೊಬ್ಬರು ಪಟ್ಟಿ ಕೊಟ್ಟಿದ್ದಾರೆ: ಟೋಕಿಯೊ, ಹಕೊನೆ, ಫ್ಯೂಜಿ ಹತ್ತುವುದು, ಕನಜಾವಾ, ಶಿರಕಾವಾ-ಗೊ, ಕ್ಯೋಟೊ, ನಾರಾ, ಹಿರೋಶಿಮಾ, ಒಸಾಕಾ, ವಾಪಸ್ ಟೋಕಿಯೊ. ಅಲ್ಲಿನ ರೈಲುಗಳಿಗೆ ಏಳು ದಿನದ ಜೆಆರ್ ಪಾಸ್ ಕೊಂಡರೆ ಎಲ್ಲ ಅಗ್ಗ ಅಂತಾರೆ. ಆ ವಾರ ಸಕುರಾ, ಅಂದರೆ ಚೆರ್ರಿ ಹೂವು ಸಿಕ್ಕೇ ಸಿಗುತ್ತಾ? ಊಟಕ್ಕೆ ಏನು ಮಾಡೋದು? ಭೂಕಂಪದ ವಿಡಿಯೊ ನೋಡಿ ಅಪ್ಪ "ನಾನು ಬರಲ್ಲ" ಅಂತಿದ್ದಾರೆ. ಮಗಳದ್ದೂ ಒಂದು ಪ್ರಶ್ನೆ ಇದೆ: ಅಲ್ಲಿನ ಜಿಂಕೆಗಳು ನಿಜವಾಗಲೂ ನಮಸ್ಕಾರ ಮಾಡುತ್ತವಾ?

ಉತ್ತರ: ಹೂವು, ಊಟ, ಭೂಕಂಪ ಮೂರರ ಬಗ್ಗೆಯೂ ವಿವರವಾಗಿ ಕೇಳಿದ್ದೀರಿ. ಅಮ್ಮನ ಮಂಡಿ ಮಾತ್ರ ಕಂಸದೊಳಗೆ ಕೂತಿದೆ. ನಾನು ಕನ್ನಡದ ಕುಟುಂಬಗಳನ್ನು ಜಪಾನ್‌ಗೆ ಕರೆದುಕೊಂಡು ಹೋಗಲು ಶುರು ಮಾಡಿ ಹದಿನೈದು ವರ್ಷದ ಮೇಲಾಯಿತು. ಹೂವು ಸಿಗದೆ ಕೆಟ್ಟ ಪ್ರವಾಸ ನಾನು ನೋಡಿಲ್ಲ. ಮೂರನೇ ದಿನ ಬೆಳಿಗ್ಗೆ ಹೋಟೆಲ್ ಮಂಚದಿಂದ ಏಳಲಾಗದೆ "ನೀವು ಹೋಗಿಬನ್ನಿ, ನಾನಿಲ್ಲೇ ಇರ್ತೀನಿ" ಅಂದ ಅಮ್ಮಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಜಪಾನ್ ಜೇಬು ಖಾಲಿ ಮಾಡುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಮೊದಲು ಖಾಲಿಯಾಗುವುದು ಕಾಲು. ರೈಲು ಚೆನ್ನಾಗಿದೆ, ನಿಜ. ಆದರೆ ಸ್ಟೇಷನ್ ಒಳಗೇ ಅರ್ಧ ಕಿಲೋಮೀಟರ್ ನಡೆಯಬೇಕಾಗುತ್ತದೆ. ಏನೂ ಮಾಡದ ದಿನವೂ ನನ್ನ ಫೋನ್ ಹದಿನೈದು ಸಾವಿರ ಹೆಜ್ಜೆ ತೋರಿಸುತ್ತದೆ.

ಸ್ನೇಹಿತರ ಪಟ್ಟಿಯಲ್ಲಿ ಹತ್ತು ದಿನಕ್ಕೆ ಒಂಬತ್ತು ಜಾಗ ಇವೆ. ಅವರು ಇಪ್ಪತ್ತೆಂಟು ವರ್ಷದವರಾಗಿ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೋಗಿದ್ದರೆ ಅದು ಒಳ್ಳೆಯ ಪಟ್ಟಿಯೇ. ನಿಮಗಲ್ಲ.

ಮೊದಲು ಹೂವಿನ ವಿಷಯ ಮುಗಿಸೋಣ, ಯಾಕೆಂದರೆ ತಾರೀಖು ನಿಂತಿರುವುದು ಅದರ ಮೇಲೆ.

"ಏಪ್ರಿಲ್ ಮೊದಲ ವಾರ ಅಂದರೆ ಸಕುರಾ" ಅನ್ನುವುದು ಅರ್ಧ ನಿಜ. ಟೋಕಿಯೊದ ಯಾಸುಕುನಿ ದೇವಾಲಯದ ಆವರಣದಲ್ಲಿ ಒಂದು ಚೆರ್ರಿ ಮರ ಇದೆ. ಮಾರ್ಚ್ ಬಂತೆಂದರೆ ಹವಾಮಾನ ಇಲಾಖೆಯವರು ಬಂದು ಅದರ ಕೆಳಗೆ ನಿಂತು ಕೊಂಬೆ ಕೊಂಬೆ ನೋಡುತ್ತಾರೆ. ಸುತ್ತ ಟಿವಿ ಕ್ಯಾಮೆರಾಗಳ ಗುಂಪು. ಐದಾರು ಹೂವು ಅರಳಿದ್ದರೆ ಸಾಕು, ಟೋಕಿಯೊದಲ್ಲಿ ಸಕುರಾ ಶುರುವಾಯಿತು ಅಂತ ಘೋಷಣೆ. ನಾಲ್ಕೇ ಹೂವಿದ್ದರೆ ನಾಳೆ ಮತ್ತೆ ಬರುತ್ತಾರೆ. ಈ ಘೋಷಣೆ 2023ರಲ್ಲಿ ಮಾರ್ಚ್ 14ಕ್ಕೆ ಆಯಿತು. ಮರುವರ್ಷ ಮಾರ್ಚ್ 29ಕ್ಕೆ. ಒಂದೇ ಮರ, ಹದಿನೈದು ದಿನದ ಅಂತರ. ಅರಳಲು ಶುರುವಾದ ಮೇಲೆ ಪೂರ್ತಿ ತುಂಬಲು ಒಂದು ವಾರ, ಆಮೇಲೆ ಉದುರಲು ಒಂದು ವಾರ. ನಡುವೆ ಗಾಳಿ ಮಳೆ ಬಂದರೆ ಅದೂ ಇಲ್ಲ. ಕ್ಯೋಟೊದಲ್ಲಿ 2021ರಲ್ಲಿ ಮಾರ್ಚ್ 26ಕ್ಕೇ ಮರ ತುಂಬಿಬಿಟ್ಟಿತ್ತು. ಆ ಊರಿನಲ್ಲಿ ಹನ್ನೆರಡು ಶತಮಾನದಿಂದ ಬರೆದಿಟ್ಟಿರುವ ದಾಖಲೆಯಲ್ಲಿ ಅಷ್ಟು ಬೇಗ ಎಂದೂ ಆಗಿರಲಿಲ್ಲ.

ಎಲ್ಲ ಮರಗಳೂ ಒಟ್ಟಿಗೇ ಅರಳಿ ಒಟ್ಟಿಗೇ ಉದುರುವುದಕ್ಕೂ ಕಾರಣ ಇದೆ. ಪೋಸ್ಟರ್‌ಗಳಲ್ಲಿ ಕಾಣುವ ಬಿಳಿ-ಗುಲಾಬಿ ಹೂವಿನ ಮರಗಳು ಬಹುಪಾಲು ಸೊಮೆಯ್ ಯೋಶಿನೊ ಎಂಬ ಒಂದೇ ತಳಿ. ಬೀಜದಿಂದ ಬೆಳೆಸಿದವಲ್ಲ, ಕಸಿ ಮಾಡಿದವು. ನಮ್ಮ ಬಾದಾಮಿ ಮಾವಿನ ಕಸಿ ಗಿಡಗಳ ಹಾಗೆ, ಎಲ್ಲವೂ ಒಂದೇ ತಾಯಿ ಮರದ ನಕಲು. ಚಳಿಗಾಲದಲ್ಲಿ ಸಾಕಷ್ಟು ಚಳಿ ತಿಂದ ಮೇಲೆ ಬಿಸಿ ತಾಗಿದರೆ ಮೊಗ್ಗು ಏಳುತ್ತದೆ. ಒಂದು ಊರಿನ ಹವೆ ಒಂದೇ, ಮರದ ಗುಣವೂ ಒಂದೇ. ಹಾಗಾಗಿ ಎಲ್ಲ ಒಂದೇ ದಿನ ಎದ್ದು ಕೂರುತ್ತವೆ. ನೋಡಲು ಅದ್ಭುತ. ಆದರೆ ಆ ವಾರ ತಪ್ಪಿದರೆ ಊರಿಗೆ ಊರೇ ತಪ್ಪಿತು.

ಹಾಗಾದರೆ ಏನು ಮಾಡುವುದು? ನನ್ನ ಸಲಹೆ, ಏಪ್ರಿಲ್ ಒಂದರ ಬದಲು ಹತ್ತಕ್ಕೆ ಹೊರಡಿ. ಮಗಳ ಬೇಸಿಗೆ ರಜೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ, ಅಲ್ವಾ? ಸೊಮೆಯ್ ಯೋಶಿನೊ ಆಗ ಉದುರಿರಬಹುದು. ಆದರೆ ಯಾಎಜಕುರಾ ಅಂತ ಇನ್ನೊಂದು ಬಗೆ ಇದೆ. ಸೇವಂತಿಗೆಯ ಹಾಗೆ ಎಸಳು ತುಂಬಿದ, ಗಾಢ ಗುಲಾಬಿಯ ಗೊಂಚಲು ಹೂವು. ಅದು ಒಂದೆರಡು ವಾರ ತಡವಾಗಿ ಅರಳುತ್ತದೆ. ಟೋಕಿಯೊದ ಶಿಂಜುಕು ಗ್ಯೊಎನ್ ಉದ್ಯಾನದಲ್ಲಿ ಅದು ಧಾರಾಳ, ನಡೆಯುವ ದಾರಿಯೂ ಸಮತಟ್ಟು. ಕ್ಯೋಟೊದ ನಿನ್ನಾಜಿ ದೇವಾಲಯದ ಒಮುರೊ ಸಕುರಾ ಕೂಡ ಹೀಗೇ ತಡದ್ದು. ಆ ಮರಗಳು ಎರಡು ಮೂರು ಮೀಟರ್ ಮಾತ್ರ ಎತ್ತರ, ಹೂವು ಕಣ್ಣಿನ ಮಟ್ಟಕ್ಕೇ ಬರುತ್ತದೆ. ಕತ್ತು ಎತ್ತಿ ನೋಡಬೇಕಾಗಿಲ್ಲ. ಹಿಂದೆ ಐದು ಅಂತಸ್ತಿನ ಗೋಪುರ. ವೈಯಕ್ತಿಕವಾಗಿ ನನಗೆ ಪ್ರಸಿದ್ಧ ಸಕುರಾಗಿಂತ ಇದೇ ಇಷ್ಟ.

ಮೊದಲ ವಾರವೇ ಬೇಕೆಂದು ಹಟ ಹಿಡಿದರೆ ಹೋಗಬಹುದು. ಹೋಟೆಲ್ ದರ ವರ್ಷದಲ್ಲೇ ಜಾಸ್ತಿ ಇರುತ್ತದೆ, ಕ್ಯೋಟೊ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಹೂವು ಇರಬಹುದು ಇಲ್ಲದಿರಬಹುದು. ಇಷ್ಟಕ್ಕೆ ಒಪ್ಪಿದರೆ ಸರಿ. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಗೋಲ್ಡನ್ ವೀಕ್, ಇಡೀ ಜಪಾನ್ ರಜೆ ಹಾಕಿ ರೈಲು ಹತ್ತುವ ವಾರ. ಹೂವಿನ ಬದಲು ಶರತ್ಕಾಲದ ಕೆಂಪೆಲೆ ನೋಡೋಣ ಎಂದು ದಸರಾ ರಜೆಗೆ ಹೋದರೆ, ಅಕ್ಟೋಬರಿನಲ್ಲಿ ಕ್ಯೋಟೊದ ಎಲೆ ಇನ್ನೂ ಹಸಿರೇ. ಅಲ್ಲಿ ಕೆಂಪಾಗುವುದು ನವೆಂಬರ್ ಮಧ್ಯದ ನಂತರ. ಅಕ್ಟೋಬರಿನಲ್ಲಿ ಕೆಂಪೆಲೆ ಬೇಕೆಂದರೆ ನಿಕ್ಕೊ ಬೆಟ್ಟಗಳಿಗೆ ಹೋಗಬೇಕು, ತಿಂಗಳ ಆರಂಭದಲ್ಲಾದರೆ ಚಂಡಮಾರುತದ ಅಪಾಯವೂ ಇರುತ್ತದೆ.

ಫ್ಯೂಜಿ ಹತ್ತುವುದನ್ನು ಪಟ್ಟಿಯಿಂದ ಹೊಡೆದುಹಾಕಿ. ಸುಸ್ತಿನ ಮಾತಲ್ಲ ಇದು. ಏಪ್ರಿಲ್‌ನಲ್ಲಿ ಅದರ ದಾರಿಗಳೇ ಮುಚ್ಚಿರುತ್ತವೆ, ಮೇಲೆ ಹಿಮ. 3,776 ಮೀಟರ್ ಎತ್ತರದ ಬೆಟ್ಟ, ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಮಾತ್ರ ತೆರೆದಿರುತ್ತದೆ. 2025ರಿಂದ ನಾಲ್ಕೂ ದಾರಿಗಳಲ್ಲಿ 4,000 ಯೆನ್ ಶುಲ್ಕ ಕೂಡ ಇದೆ. ನೋಡುವುದಾದರೂ ಖಾತ್ರಿಯೇ ಅಂದರೆ ಅದೂ ಇಲ್ಲ. ಚಳಿಗಾಲದ ಬೆಳಗ್ಗೆ ಚೆನ್ನಾಗಿ ಕಾಣುತ್ತದೆ, ಬಿಸಿ ಏರಿದ ಹಾಗೆ ಮೋಡ ಮುಸುಕುತ್ತದೆ. ಫ್ಯೂಜಿ ನೋಡಲೆಂದು ಕವಾಗುಚಿ ಸರೋವರಕ್ಕೆ ಎರಡು ದಿನ ಕೊಟ್ಟು ಬರೀ ಬೂದು ಬಣ್ಣ ನೋಡಿ ವಾಪಸ್ಸಾದವರಿದ್ದಾರೆ. ಗೋಪುರದ ಜೊತೆ ಫ್ಯೂಜಿ ಕಾಣುವ ಆ ಪ್ರಸಿದ್ಧ ಫೋಟೊ ಇದೆಯಲ್ಲ, ಚುರೇಯ್ತೊ ಪಗೋಡಾ, ಅಲ್ಲಿಗೆ 398 ಮೆಟ್ಟಿಲು. ಫೋಟೊದಲ್ಲಿ ಮೆಟ್ಟಿಲು ಕಾಣುವುದಿಲ್ಲ.

ನಿಮಗೆ ಸುಲಭದ ದಾರಿ ಒಂದಿದೆ. ಟೋಕಿಯೊದಿಂದ ಕ್ಯೋಟೊಗೆ ಹೋಗುವ ಬುಲೆಟ್ ರೈಲು ಶಿಂಕನ್‌ಸೆನ್‌ನಲ್ಲಿ ಬಲಗಡೆಯ ಕಿಟಕಿ ಸೀಟು, ಅಂದರೆ "ಇ" ಸಾಲು ಕೇಳಿ ಬುಕ್ ಮಾಡಿ. ಹೊರಟು ಮುಕ್ಕಾಲು ಗಂಟೆಯ ಹೊತ್ತಿಗೆ ಕಣ್ಣಿಟ್ಟಿರಿ. ಮೋಡ ಇಲ್ಲದಿದ್ದರೆ ಕಾರ್ಖಾನೆಗಳ ಹಿಂದಿನಿಂದ ಇಡೀ ಬೆಟ್ಟ ಎದ್ದು ಬರುತ್ತದೆ. ಕಂಡರೆ ಪುಣ್ಯ, ಕಾಣದಿದ್ದರೆ ಏನೂ ನಷ್ಟ ಇಲ್ಲ.

ಈಗ ಜೆಆರ್ ಪಾಸ್. ಇದು ಹಳೆಯ ಸತ್ಯ, ಹೊಸ ಸುಳ್ಳು. 2023ರ ಅಕ್ಟೋಬರ್‌ವರೆಗೆ ಏಳು ದಿನದ ಪಾಸ್‌ಗೆ 29,650 ಯೆನ್ ಇತ್ತು, ಆಗ ನಾವೂ ಕಣ್ಣು ಮುಚ್ಚಿ ಕೊಡಿಸುತ್ತಿದ್ದೆವು. ಆಮೇಲೆ ಅದು ಒಂದೇ ಸಲ 50,000 ಯೆನ್ ಆಯಿತು. ಟೋಕಿಯೊದಿಂದ ಕ್ಯೋಟೊಗೆ ಬಿಡಿ ಟಿಕೆಟ್ ಸುಮಾರು 14,000 ಯೆನ್. ಕ್ಯೋಟೊ ನೋಡಿ ಹಿರೋಶಿಮಾಗೆ ಹೋಗಿ ಟೋಕಿಯೊಗೆ ವಾಪಸ್ ಬಂದರೂ ಒಟ್ಟು 45,000 ಯೆನ್ ಆಸುಪಾಸು ಅಷ್ಟೇ. ಅಷ್ಟು ತಿರುಗಿದರೂ ಪಾಸ್ ನಷ್ಟ! ಅದರ ಮೇಲೆ ಅತಿ ವೇಗದ ನೊಜೊಮಿ ರೈಲಿಗೆ ಪಾಸ್ ಇದ್ದರೂ ಬೇರೆ ಹಣ ಕಟ್ಟಬೇಕು.

ನಿಮ್ಮ ಲೆಕ್ಕ ನೋಡಿ. ನಾಲ್ಕು ದೊಡ್ಡವರು, ಒಂದು ಅರ್ಧ ಟಿಕೆಟ್. ಪಾಸ್ ಕೊಂಡರೆ 2,25,000 ಯೆನ್. ಟೋಕಿಯೊದಲ್ಲಿ ಇಳಿದು, ಒಂದೇ ಸಲ ಕ್ಯೋಟೊಗೆ ರೈಲಿನಲ್ಲಿ ಹೋಗಿ, ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದ ವಾಪಸ್ಸಾದರೆ ಶಿಂಕನ್‌ಸೆನ್ ಖರ್ಚು 63,000 ಯೆನ್. ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನ ಇದೆ. ಒಸಾಕಾದಿಂದ ಬರುವಾಗ ಒಂದು ಕಡೆ ಇಳಿದು ಹತ್ತಬೇಕಾಗುತ್ತದೆ, ಅದೊಂದು ಕಿರಿಕಿರಿ. ಆದರೂ ಟೋಕಿಯೊಗೆ ಮತ್ತೆ ವಾಪಸ್ ಓಡುವ ದಿನ ಉಳಿಯುತ್ತದೆ. ಉಳಿದ ಯೆನ್‌ನಲ್ಲಿ ಅಮ್ಮನಿಗೆ ಟ್ಯಾಕ್ಸಿ ಮಾಡಿ. ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ ಹಿಡಿಸುತ್ತಾರೆ, ನೀವು ಐದು. ಒಂದೋ ದೊಡ್ಡ ವ್ಯಾನ್ ಮೊದಲೇ ಹೇಳಿಡಿ, ಇಲ್ಲವೇ ಅಮ್ಮ, ಅಪ್ಪ, ಮಗಳು ಟ್ಯಾಕ್ಸಿಯಲ್ಲಿ ಹೋಗಲಿ, ನೀವಿಬ್ಬರು ಬಸ್ಸಿನಲ್ಲಿ ಬನ್ನಿ. ಬಾಗಿಲು ತಾನಾಗಿಯೇ ತೆರೆಯುತ್ತದೆ, ಎಳೆಯಬೇಡಿ, ಡ್ರೈವರ್‌ಗೆ ಬೇಜಾರಾಗುತ್ತದೆ.

ದೊಡ್ಡ ಸೂಟ್‌ಕೇಸ್‌ಗಳನ್ನು ಹೊತ್ತು ರೈಲು ಹತ್ತಬೇಡಿ. ಟೋಕಿಯೊ ಹೋಟೆಲ್ ಕೌಂಟರಿನಲ್ಲಿ ಕೊಟ್ಟರೆ ಮಾರನೇ ದಿನ ಕ್ಯೋಟೊ ಹೋಟೆಲಿಗೆ ತಲುಪಿಸುತ್ತಾರೆ. ತಕ್ಯುಬಿನ್ ಅನ್ನಿ, ಗೊತ್ತಾಗುತ್ತದೆ. ಒಂದು ರಾತ್ರಿಯ ಬಟ್ಟೆ ಮತ್ತು ಮಾತ್ರೆಗಳು ಕೈಯಲ್ಲಿರಲಿ. ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಯನ್ನು ಈ ಮಾರ್ಗದ ಶಿಂಕನ್‌ಸೆನ್‌ಗೆ ಒಯ್ಯಬೇಕೆಂದರೆ ಅದಕ್ಕಾಗಿಯೇ ಇರುವ ಸೀಟು ಮೊದಲೇ ಬುಕ್ ಮಾಡಿರಬೇಕು. ರೈಲು ನಿಲ್ಲುವುದೇ ಒಂದೆರಡು ನಿಮಿಷ. ಮಂಡಿ ನೋವಿನ ಅಮ್ಮ, ನಾಲ್ಕು ಪೆಟ್ಟಿಗೆ, ಎರಡು ನಿಮಿಷ. ಯೋಚನೆ ಮಾಡಿ.

ಇನ್ನು ಊಟ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ.

ಜಪಾನ್‌ನಲ್ಲಿ ಸಸ್ಯಾಹಾರಿಗೆ ಏನೂ ಸಿಗಲ್ಲ ಅನ್ನುವುದು ಸುಳ್ಳು. ಬೌದ್ಧರ ದೇಶ, ತೋಫು, ನೂಡಲ್ಸ್ ಇದೆಯಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ತೊಂದರೆ ಕಣ್ಣಿಗೆ ಕಾಣುವ ಮಾಂಸದ್ದಲ್ಲ, ಕಾಣದ ಮೀನಿನದು. ಜಪಾನಿ ಅಡುಗೆಯ ತಳಪಾಯ ದಾಶಿ ಎಂಬ ತಿಳಿಸಾರು. ಬೊನಿಟೊ ಮೀನನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ತೆಳ್ಳಗೆ ಹೆರೆದು ಆ ಸಾರು ಕಾಯಿಸುತ್ತಾರೆ. ಮಿಸೊ ಸೂಪ್, ಸೋಬಾ, ಉದೊನ್ ಎಂಬ ನೂಡಲ್ಸ್, ತರಕಾರಿ ಪಲ್ಯ, ತೆಂಪುರಾ ಬಜ್ಜಿ ಅದ್ದುವ ಸಾಸ್, ಎಲ್ಲದರಲ್ಲೂ ಅದು ಇರುತ್ತದೆ. ನಮ್ಮಲ್ಲಿ ಒಗ್ಗರಣೆಯನ್ನು ಯಾರೂ ಪದಾರ್ಥ ಅಂತ ಲೆಕ್ಕ ಹಾಕುವುದಿಲ್ಲವಲ್ಲ, ಹಾಗೆ ಅವರಿಗೆ ದಾಶಿ.

ಒಮ್ಮೆ ನನ್ನ ಗುಂಪಿನಲ್ಲಿ ಒಬ್ಬ ಅಜ್ಜಿ ಇದ್ದರು. ಅಂಗಡಿಯವನಿಗೆ ನಾನು ಮಾಂಸ ಬೇಡ, ಮೀನು ಬೇಡ ಅಂತ ಎರಡೆರಡು ಸಲ ಹೇಳಿದ್ದೆ. ಅವನು ಖುಷಿಯಿಂದ ತಲೆಯಾಡಿಸಿ ಬಿಸಿ ತೋಫು ತಂದಿಟ್ಟ. ಮೇಲೆ ಕಂದು ಬಣ್ಣದ ತೆಳು ಚೂರುಗಳು, ಉಳಿಯಿಂದ ಹೆರೆದ ಮರದ ಸಿಪ್ಪೆಯ ಹಾಗೆ. ಹಬೆ ತಾಗಿ ಅವು ತಟ್ಟೆಯಲ್ಲೇ ಕುಣಿಯುತ್ತಿದ್ದವು. ಅಜ್ಜಿ ನೋಡಿ "ಇದಕ್ಕೇನು ಜೀವ ಇದೆಯಾ?" ಅಂದರು. ಒಣಗಿಸಿ ಹೆರೆದ ಬೊನಿಟೊ ಮೀನು, ಕತ್ಸುವೊಬುಶಿ ಅಂದರೆ ಅದೇ. ಅಂಗಡಿಯವನು ಮೋಸ ಮಾಡಿರಲಿಲ್ಲ. ಅವನ ಲೆಕ್ಕದಲ್ಲಿ ಮೀನು ಅಂದರೆ ತಟ್ಟೆಯಲ್ಲಿ ಮಲಗಿರುವ ಮೀನು.

ಇದರ ಹಿಂದೆ ಹಳೆಯ ಕಥೆ ಇದೆ. 675ನೇ ಇಸವಿಯಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸ ತಿನ್ನುವುದಕ್ಕೆ ನಿಷೇಧ ಹಾಕಿದ. ಅದಾಗಿ ಸಾವಿರಕ್ಕೂ ಹೆಚ್ಚು ವರ್ಷ ಜಪಾನಿಗರು ನಾಲ್ಕು ಕಾಲಿನ ಪ್ರಾಣಿಗಳಿಂದ ಹೆಚ್ಚುಕಮ್ಮಿ ದೂರವೇ ಇದ್ದರು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ದೊಡ್ಡ ಸುದ್ದಿಯಾಯಿತು. ಆದರೆ ಇಷ್ಟೂ ಕಾಲ ಮೀನನ್ನು ಯಾರೂ ಬಿಟ್ಟಿರಲಿಲ್ಲ. ಸುತ್ತ ಸಮುದ್ರ ಇರುವ ದೇಶ. ಹಾಗಾಗಿ "ಬೆಜಿತರಿಯನ್" (ವೆಜಿಟೇರಿಯನ್ ಪದದ ಜಪಾನಿ ಉಚ್ಚಾರ) ಎಂಬ ಪದ ಕೇಳಿದರೆ ಅಡುಗೆಯವರ ತಲೆಗೆ ಬರುವುದು ಮಾಂಸ ಇಲ್ಲ ಎಂದಷ್ಟೇ.

ಅದಕ್ಕೇ ಒಂದು ಚೀಟಿ ಬರೆಸಿಕೊಳ್ಳಿ, ಜಪಾನಿ ಅಕ್ಷರದಲ್ಲಿ. ಅದರಲ್ಲಿ ಹೆಸರು ಹಿಡಿದು ಹೇಳಬೇಕು: ನಿಕು ಅಂದರೆ ಮಾಂಸ, ಸಕಾನಾ ಅಂದರೆ ಮೀನು, ತಮಾಗೊ ಅಂದರೆ ಮೊಟ್ಟೆ, ಕತ್ಸುವೊ ದಾಶಿ ಅಂದರೆ ಬೊನಿಟೊ ಮೀನಿನ ಸಾರು, ಇವು ಯಾವುವೂ ಬೇಡ. ಕೊಂಬು ಎಂಬ ಕಡಲಕಳೆಯ ದಾಶಿ ಪರವಾಗಿಲ್ಲ. ಅಮ್ಮನಿಗೆ ನೆಗಿ, ತಮಾನೆಗಿ, ನಿನ್ನಿಕು ಕೂಡ ಸೇರಿಸಿ: ಈರುಳ್ಳಿ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ. ಚೀಟಿ ನೋಡಿ ಕೆಲವು ಅಂಗಡಿಯವರು ಎರಡೂ ಕೈಯನ್ನು ಅಡ್ಡ ಹಿಡಿದು "ಆಗಲ್ಲ" ಅಂತ ಸನ್ನೆ ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಸುಮ್ನೆ ಹೂಂ ಅಂದು ಏನೋ ಹಾಕಿ ಕೊಡುವುದಕ್ಕಿಂತ ಅದೇ ಮರ್ಯಾದೆ.

ಪ್ಯಾಕೆಟ್ ತಿನಿಸಿನ ಹಿಂದೆ ಅಲರ್ಜಿ ಪಟ್ಟಿ ಇರುತ್ತದೆ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಕಡ್ಡಾಯವಾಗಿ ಬರೆದಿರುತ್ತಾರೆ. ಬೊನಿಟೊ ಮೀನು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದನ್ನು ನಂಬಿ ತಿನ್ನಬೇಡಿ, ಫೋನಿನ ಅನುವಾದ ಆ್ಯಪ್‌ನಲ್ಲಿ ಪೂರ್ತಿ ಪದಾರ್ಥಗಳ ಸಾಲನ್ನು ಓದಿ. ಜಪಾನಿ "ಕರಿ" ಮಾಡುವ ಮಸಾಲೆ ಗಟ್ಟಿಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುವುದು ಮಾಮೂಲು, ತರಕಾರಿ ಚಿತ್ರ ನೋಡಿ ಮೋಸ ಹೋಗಬೇಡಿ. ಉಪ್ಪು ಹಾಕಿದ ಅನ್ನದುಂಡೆ, ಹುಳಿ ಉಮೆ ಹಣ್ಣಿನ ಅನ್ನದುಂಡೆ, ಸಿಹಿಗೆಣಸು, ಬಾಳೆಹಣ್ಣು, ಮೊಸರು ಎಲ್ಲ ಕಡೆ ಸಿಗುತ್ತವೆ. ಉಮೆ ಉಂಡೆಯಲ್ಲೂ ಕೆಲವು ಬ್ರ್ಯಾಂಡ್‌ಗಳು ಮೀನಿನ ಸಾರ ಹಾಕುತ್ತವೆ, ಒಮ್ಮೆ ಓದಿ ನೋಡಿ. ಟೋಕಿಯೊದಲ್ಲಿ ಭಾರತೀಯ ಹೋಟೆಲುಗಳಿಗೆ ಬರವಿಲ್ಲ. ನಿಶಿ-ಕಸಾಯ್ ಬಡಾವಣೆಯಲ್ಲಿ ನಮ್ಮವರೇ ತುಂಬಿಕೊಂಡಿದ್ದಾರೆ.

ಊರಿಂದ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ಒಯ್ಯಿರಿ. ಹೋಟೆಲ್ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿ ಮಾತ್ರ ಬೇಡ, ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ.

ಈಗ ನಾನು ನಿಮಗೆ ಹೇಳಲೇಬೇಕಾದ ಜಾಗ. ನಿಮ್ಮ ಸ್ನೇಹಿತರ ಪಟ್ಟಿಯಲ್ಲಿ ಇಲ್ಲ. ಕೋಯಾಸಾನ್.

ಒಸಾಕಾದ ನಂಬಾದಿಂದ ರೈಲು, ಆಮೇಲೆ ಕಡಿದಾದ ಬೆಟ್ಟ ಹತ್ತುವ ಕೇಬಲ್ ಕಾರ್, ಸುಮಾರು ಎರಡು ಗಂಟೆ. ಎಂಟುನೂರು ಮೀಟರ್ ಎತ್ತರದಲ್ಲಿ ದೇವದಾರುವಿನಂಥ ಸುಗಿ ಮರಗಳ ನಡುವೆ ಒಂದು ದೇವಾಲಯಗಳ ಊರು. 816ರಲ್ಲಿ ಕೂಕಾಯ್ ಎಂಬ ಸನ್ಯಾಸಿ ಶುರು ಮಾಡಿದ್ದು. ಐವತ್ತಕ್ಕೂ ಹೆಚ್ಚು ದೇವಾಲಯಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ, ಶುಕುಬೊ ಅಂತಾರೆ. ಅಲ್ಲಿ ಬಡಿಸುವುದು ಶೋಜಿನ್ ಊಟ. ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! ದಾಶಿ ಮಾಡುವುದು ಕೊಂಬು ಮತ್ತು ಒಣ ಅಣಬೆಯಿಂದ. ಕೆಂಪು ಅರಗಿನ ಪುಟ್ಟ ಮಣೆಗಳ ಮೇಲೆ ಹತ್ತಾರು ಬಟ್ಟಲು ಬರುತ್ತವೆ. ಹಿಮದಲ್ಲಿ ಒಣಗಿಸಿದ ತೋಫುವಿಗೆ ಈ ಬೆಟ್ಟದ ಹೆಸರೇ ಇದೆ, ಸ್ಪಂಜಿನ ಹಾಗೆ ಸಾರು ಹೀರಿಕೊಂಡಿರುತ್ತದೆ. ಇನ್ನೊಂದು ಗೊಮಾ-ದೋಫು. ತೋಫು ಅಂತ ಹೆಸರು, ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಒಂದು ಬಗೆಯ ಗೆಡ್ಡೆಯ ಹಿಟ್ಟು ಹಾಕಿ ಕಾಯಿಸಿದ್ದು. ಚಮಚಕ್ಕೆ ನಮ್ಮ ಹಾಲುಬಾಯಿಯ ಹಾಗೆ ಬರುತ್ತದೆ. ಹದಿನೈದು ವರ್ಷದಲ್ಲಿ ನಮ್ಮ ಅಮ್ಮಂದಿರು ಅನುಮಾನ ಇಲ್ಲದೆ ಊಟ ಮಾಡಿದ್ದನ್ನು ನೋಡಿರುವುದು ಅಲ್ಲೇ.

ಮಜಾ ಏನೆಂದರೆ, ಎಳ್ಳಿಗೂ ಗೊಮಾ ಅಂತಾರೆ, ಅಲ್ಲಿನ ಅಗ್ನಿಪೂಜೆಗೂ ಗೊಮಾ ಅಂತಾರೆ. ಬರೆಯುವ ಅಕ್ಷರ ಬೇರೆ. ಎರಡನೆಯದು ನಮ್ಮ "ಹೋಮ"ವೇ, ಚೀನಾ ದಾಟಿ ಹೋಗುವಾಗ ಉಚ್ಚಾರ ಬದಲಾಗಿದೆ. ಸಮಿಧೆ ಹಾಕುತ್ತಾರೆ, ಮಂತ್ರ ಹೇಳುತ್ತಾರೆ, ಡೋಲು ಬಡಿಯುತ್ತಾರೆ. ಓಕುನೊಯಿನ್ ಎಂಬ ಜಾಗದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳ ನಡುವೆ ಕಾಲುದಾರಿ ಇದೆ. ಅದರ ಕೊನೆಯಲ್ಲಿ ಕೂಕಾಯ್ ಇದ್ದಾರೆ. "ಇದ್ದಾರೆ" ಅಂತಲೇ ಹೇಳಬೇಕು. 835ರಿಂದ ಅವರು ಸತ್ತಿಲ್ಲ, ಧ್ಯಾನದಲ್ಲಿ ಕೂತಿದ್ದಾರೆ ಎಂಬುದು ಅಲ್ಲಿಯವರ ನಂಬಿಕೆ. ದಿನಕ್ಕೆ ಎರಡು ಸಲ ಸನ್ಯಾಸಿಗಳು ಪೆಟ್ಟಿಗೆಯಲ್ಲಿ ಊಟ ಹೊತ್ತು ತಂದು ಒಪ್ಪಿಸುತ್ತಾರೆ. ಮಂತ್ರಾಲಯದ ರಾಯರ ಬೃಂದಾವನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಅಪ್ಪ ಅಮ್ಮನಿಗೆ ಟೋಕಿಯೊ ಟವರಿಗಿಂತ ಇದು ಹತ್ತಿರವಾಗುತ್ತದೆ.

ತೊಂದರೆಯನ್ನೂ ಹೇಳಿಬಿಡುತ್ತೇನೆ. ಶುಕುಬೊದಲ್ಲಿ ಚಾಪೆ ನೆಲ, ನೆಲದ ಮೇಲೇ ಹಾಸಿಗೆ, ನೆಲದಲ್ಲೇ ಕೂತು ಊಟ. ಮಂಡಿ ನೋವಿಗೆ ಇದು ಶಿಕ್ಷೆ. ಬುಕ್ ಮಾಡುವಾಗಲೇ ಮಂಚ ಇರುವ ಕೋಣೆ, ಊಟಕ್ಕೆ ಕುರ್ಚಿ ಕೇಳಿ. ಕೆಲವು ಕಡೆ ಕೊಡುತ್ತಾರೆ, ಕೆಲವು ಕಡೆ ಇಲ್ಲ. ಸ್ನಾನದ ಮನೆ ಹಲವು ಕಡೆ ಸಾಮೂಹಿಕ. ಏಪ್ರಿಲ್‌ನಲ್ಲೂ ರಾತ್ರಿ ಚಳಿ ಕೊರೆಯುತ್ತದೆ, ಸ್ವೆಟರ್ ಬೇಕು. ಓಕುನೊಯಿನ್ ದಾರಿ ಪೂರ್ತಿ ಎರಡು ಕಿಲೋಮೀಟರ್. ನಾಕಾ-ನೊ-ಹಾಶಿ ಬಸ್ ನಿಲ್ದಾಣದಿಂದ ಹೋದರೆ ಅರ್ಧ ಉಳಿಯುತ್ತದೆ, ಅಮ್ಮನನ್ನು ಆ ಕಡೆಯಿಂದ ಕರೆದೊಯ್ಯಿರಿ.

ಕ್ಯೋಟೊದಲ್ಲೂ ಇದೇ ಲೆಕ್ಕ ಹಾಕಿ. ಕಿಯೊಮಿಜು-ದೆರಾ ದೇವಾಲಯಕ್ಕೆ ಏರುದಾರಿ. ಫುಶಿಮಿ ಇನಾರಿ ದೇವಾಲಯದ ಕೆಂಪು ಕಮಾನುಗಳು ಬೆಟ್ಟದ ತುದಿಯವರೆಗೂ ಇವೆ, ಅಮ್ಮ ಕೆಳಗಿನ ಸ್ವಲ್ಪ ಭಾಗ ನೋಡಿದರೆ ಸಾಕು. ಅದರ ಬದಲು ಸಂಜುಸಂಗೆನ್-ದೊ ನೋಡಿ. ಮರದಲ್ಲಿ ಕಟ್ಟಿದ, ಸುಮಾರು 120 ಮೀಟರ್ ಉದ್ದದ ಒಂದೇ ಮಂಟಪ, ಮೆಟ್ಟಿಲ ಕಾಟ ಇಲ್ಲ. ಒಳಗೆ ಸಾಲಾಗಿ ಕರುಣೆಯ ದೇವತೆ ಕನ್ನೊನ್‌ನ 1,001 ಮೂರ್ತಿಗಳು, ಮುಂದೆ 28 ರಕ್ಷಕ ದೇವತೆಗಳು. ಆ ರಕ್ಷಕರ ಸಾಲಿನಲ್ಲಿ ಮಗಳಿಗೆ ಗರುಡನನ್ನು ಹುಡುಕಲು ಹೇಳಿ. ಅಲ್ಲಿ ಅವನ ಹೆಸರು ಕರುರಾ, ಕೊಳಲು ಊದುತ್ತಾ ನಿಂತಿದ್ದಾನೆ. ಫೋಟೊ ತೆಗೆಯುವ ಹಾಗಿಲ್ಲ.

ಅಪ್ಪನ ಭೂಕಂಪಕ್ಕೆ ಬರುತ್ತೇನೆ. ಭಯ ಸುಳ್ಳಲ್ಲ. ಜಪಾನ್ ಭೂಮಿಯ ನಾಲ್ಕು ಫಲಕಗಳು ಕೂಡುವ ಜಾಗದಲ್ಲಿದೆ, ನೆಲ ಅಲ್ಲಾಡುವುದು ಅಲ್ಲಿ ದಿನದ ಮಾತು. ಹತ್ತು ದಿನದಲ್ಲಿ ಒಮ್ಮೆ ಸಣ್ಣಗೆ ಅಲ್ಲಾಡಿದರೂ ಆಶ್ಚರ್ಯವಿಲ್ಲ. ಸುಳ್ಳು ಅನ್ನಬೇಕಾದ್ದು ಇಂಥ ತಾರೀಖಿಗೆ ಆಗುತ್ತದೆ ಎಂಬ ವಿಡಿಯೊಗಳನ್ನು. 2025ರ ಜುಲೈಗೆ ಮಹಾ ಅನಾಹುತ ಅಂತ ವದಂತಿ ಹಬ್ಬಿ ಎಷ್ಟೋ ಜನ ಟಿಕೆಟ್ ರದ್ದು ಮಾಡಿದರು. ಆ ಮಹಾ ಅನಾಹುತ ಆಗಲೇ ಇಲ್ಲ. ದಿನ, ಹೊತ್ತು, ಜಾಗ ಮೊದಲೇ ಹೇಳಲು ಇವತ್ತಿನ ವಿಜ್ಞಾನಕ್ಕೆ ಆಗುವುದಿಲ್ಲ ಅಂತ ಅಲ್ಲಿನ ಹವಾಮಾನ ಇಲಾಖೆಯೇ ಹೇಳುತ್ತದೆ. ಅದಕ್ಕೆ ಅವರು ಕಟ್ಟಡಗಳನ್ನು ಗಟ್ಟಿ ಮಾಡಿಕೊಂಡಿದ್ದಾರೆ. 1981ರಲ್ಲಿ ಕಟ್ಟಡದ ನಿಯಮ ಬಿಗಿಯಾಯಿತು, ಅದರ ನಂತರ ಕಟ್ಟಿದ ಹೋಟೆಲ್ ಆರಿಸಿಕೊಳ್ಳಿ. ಶಿಂಕನ್‌ಸೆನ್ ಶುರುವಾದ 1964ರಿಂದ ಇವತ್ತಿನವರೆಗೆ ಹಳಿ ತಪ್ಪಿ ಅಥವಾ ಡಿಕ್ಕಿಯಾಗಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಕಂಪನ ಪತ್ತೆಯಾದ ಕೂಡಲೇ ರೈಲು ತಾನೇ ಬ್ರೇಕ್ ಹಾಕುತ್ತದೆ. ನಿಮಗೆ ಆಗಬಹುದಾದ ನಿಜವಾದ ತೊಂದರೆ ಅಂದರೆ ಗಂಟೆಗಟ್ಟಲೆ ರೈಲಿನಲ್ಲಿ ಕೂರುವುದು. ಅದಕ್ಕೇ ಅಪ್ಪನ ಮಾತ್ರೆ, ನೀರು, ತಿನ್ನಲು ಏನಾದರೂ ಕೈಚೀಲದಲ್ಲಿ ಇರಲೇಬೇಕು. ಫೋನಿಗೆ "ಸೇಫ್ಟಿ ಟಿಪ್ಸ್" ಆ್ಯಪ್ ಹಾಕಿಕೊಳ್ಳಿ. ಸಮುದ್ರದ ಹತ್ತಿರ ಇದ್ದಾಗ ಜೋರಾಗಿ ಅಲ್ಲಾಡಿದರೆ ಸುನಾಮಿ ಎಚ್ಚರಿಕೆಗೆ ಕಾಯದೆ ಎತ್ತರಕ್ಕೆ ನಡೆಯಿರಿ.

ಮಾತ್ರೆ ಅಂದ ಮೇಲೆ ಇನ್ನೊಂದು. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು, ಚೀಟಿ ಜೊತೆಗಿರಲಿ. ಆದರೆ ಶೀತದ ಮಾತ್ರೆಗಳಲ್ಲಿ ಕೆಲವಕ್ಕೆ ಸೂಡೊಎಫೆಡ್ರಿನ್ ಹಾಕಿರುತ್ತಾರೆ. ಅದು ಶೇ 10ಕ್ಕಿಂತ ಜಾಸ್ತಿ ಇದ್ದರೆ ಜಪಾನ್‌ನಲ್ಲಿ ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಮಿತಿ ಇದೆ. ಮನೆಯ ಔಷಧಿ ಡಬ್ಬಿಯನ್ನು ಹಾಗೇ ಬ್ಯಾಗಿಗೆ ಸುರಿಯಬೇಡಿ.

ಬಿಸಿನೀರಿನ ಬುಗ್ಗೆ, ಅಂದರೆ ಒನ್ಸೆನ್ ಬಗ್ಗೆ ನೀವು ಕೇಳಿಲ್ಲ, ಕೇಳಲು ಸಂಕೋಚ ಇರಬಹುದು. ಹೌದು, ಗಂಡಸರು ಹೆಂಗಸರು ಬೇರೆ ಬೇರೆ, ಆದರೆ ಮೈಮೇಲೆ ಬಟ್ಟೆ ಇರುವುದಿಲ್ಲ. ಬೇಡ ಅನ್ನಿಸಿದರೆ ಗಂಟೆ ಲೆಕ್ಕದಲ್ಲಿ ಕುಟುಂಬಕ್ಕೇ ಬಿಟ್ಟುಕೊಡುವ ಸ್ನಾನದ ಕೋಣೆ ಎಷ್ಟೋ ಕಡೆ ಸಿಗುತ್ತದೆ, ಕಶಿಕಿರಿ ಅಂತ ಕೇಳಿ. ಅಮ್ಮನ ಮಂಡಿಗೆ ಹಾಯಾಗಿರುತ್ತದೆ. ಅಪ್ಪ ಬಿಪಿ ಇರುವವರು, ಡಾಕ್ಟರನ್ನು ಕೇಳದೆ ಇಳಿಯುವುದು ಬೇಡ, ಒಬ್ಬರೇ ಅಂತೂ ಬೇಡವೇ ಬೇಡ.

ಹಾಗಾದರೆ ಹತ್ತು ದಿನ ಹೇಗೆ? ಟೋಕಿಯೊ ಮೂರು ರಾತ್ರಿ, ಕ್ಯೋಟೊ ನಾಲ್ಕು, ಕೋಯಾಸಾನ್ ಒಂದು, ಒಸಾಕಾ ಒಂದು. ನಾರಾಗೆ ಕ್ಯೋಟೊದಿಂದ ಹೋಗಿ ಸಂಜೆ ವಾಪಸ್. ಕನಜಾವಾ, ಶಿರಕಾವಾ-ಗೊ ಚೆನ್ನಾಗಿವೆ, ಇನ್ನೊಂದು ಸಲ ನೋಡಿ. ಹಿರೋಶಿಮಾ ನೋಡಲೇಬೇಕು ಅಂತ ಅಪ್ಪ ಹೇಳಿದರೆ ಕ್ಯೋಟೊದಿಂದ ಒಂದೂ ಮುಕ್ಕಾಲು ಗಂಟೆ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಸ್ಮಾರಕ ಉದ್ಯಾನ ಸಮತಟ್ಟು. ಆ ದಿನ ಅಮ್ಮ, ನಿಮ್ಮ ಹೆಂಡತಿ ಕ್ಯೋಟೊದಲ್ಲೇ ಇರಲಿ. ಎಲ್ಲರೂ ಎಲ್ಲ ಕಡೆ ಹೋಗಬೇಕು ಅಂತ ನಿಯಮ ಏನಿಲ್ಲ. ಶುಕುಬೊ ಕೋಣೆ ಮೊದಲು ಬುಕ್ ಮಾಡಿ, ವಿಮಾನ ಆಮೇಲೆ. ಮಂಚ ಇರುವ ಕೋಣೆಗಳು ಬೇಗ ಮುಗಿದುಹೋಗುತ್ತವೆ.

ಕೊನೆಗೆ ಮಗಳ ಪ್ರಶ್ನೆ. ಹೌದು ಪುಟ್ಟಿ, ನಾರಾದ ಜಿಂಕೆಗಳು ತಲೆ ಬಾಗಿಸುತ್ತವೆ. ಸಾವಿರಕ್ಕೂ ಹೆಚ್ಚಿವೆ, ಊರೊಳಗೇ ಓಡಾಡಿಕೊಂಡಿವೆ. ಪಾರ್ಕಿನಲ್ಲಿ ಅವಕ್ಕೆಂದೇ ಮಾರುವ ಬಿಸ್ಕತ್ತು ಹಿಡಿದು ನೀನು ಬಗ್ಗಿದರೆ ಅವೂ ಬಗ್ಗುತ್ತವೆ. ಭಕ್ತಿಯಿಂದಲ್ಲ, ಹಾಗೆ ಮಾಡಿದರೆ ತಿಂಡಿ ಬರುತ್ತದೆ ಅಂತ ಕಲಿತಿವೆ. ಕೊಡದೆ ಆಟ ಆಡಿಸಿದರೆ ಕಚ್ಚುತ್ತವೆ. ಮುಗಿದ ಮೇಲೆ ಎರಡೂ ಅಂಗೈ ಬಿಚ್ಚಿ ತೋರಿಸು, ಹೊರಟುಹೋಗುತ್ತವೆ. ಅಜ್ಜಿಗೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲು ಹೇಳು. ಅವಕ್ಕೆ ನೇತಾಡುವುದೆಲ್ಲ ಬಿಸ್ಕತ್ತೇ.